ಶಕುನಗಿರಿಯ ಮಡಿಲಲ್ಲಿ ಅಯ್ಯನಕೆರೆ



ಚಿಕ್ಕಮಗಳೂರಿನಿಂದ ಕಡೂರಿಗೆ ಹೋಗುವ ದಾರಿಯಲ್ಲಿ ಸಖರಾಯಪಟ್ಟಣವಿದೆ. ಅಲ್ಲಿಂದ ಸ್ವಲ್ಪ ಒಳಗೆ, ಬಾಬಾಬುಡನ್ ಶ್ರೇಣಿಯ ತಪ್ಪಲಿನಲ್ಲಿ ಅಯ್ಯನಕೆರೆ. ಅದರ ಹಿಂದೆ ಸುಮಾರು 4,600 ಅಡಿ ಎತ್ತರದ ಶಕುನಗಿರಿ. ಏರಿಯ ಮೇಲೆ ನಿಂತರೆ ಬೆಟ್ಟದ ನೆರಳು ನೀರಿನಲ್ಲಿ ಕಾಣುತ್ತದೆ. ಹಿಂತಿರುಗಿ ನೋಡಿದರೆ ಗದ್ದೆ, ತೆಂಗು, ಅಡಿಕೆ.

ಈ ಕೆರೆಯನ್ನು ಕಟ್ಟಿಸಿದವನು ಸಖರಾಯಪಟ್ಟಣದ ಅರಸ ರುಕ್ಮಾಂಗದನೆಂದು ಪ್ರತೀತಿ. ಹೊಯ್ಸಳರ ಕಾಲದಲ್ಲಿ, 1156ರಲ್ಲಿ, ಇದನ್ನು ಭದ್ರಪಡಿಸಲಾಯಿತು. ಗಿರಿಯಿಂದಿಳಿಯುವ ಗೌರಿಹಳ್ಳವೇ ಇದರ ಜೀವ. ಕೋಡಿಯ ನೀರು ಮುಂದೆ ವೇದಾವತಿಯನ್ನು ಸೇರಿ ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರಕ್ಕೆ ಹರಿಯುತ್ತದೆ. 1933ರ ನಂತರ ಆ ಸಾಗರ ಕೋಡಿ ಬಿದ್ದದ್ದು 2022ರಲ್ಲಿ. ನಮ್ಮ ಗಿರಿಯ ಮಳೆಗೆ ಅಷ್ಟು ದೂರದ ಬಯಲುಸೀಮೆಯ ರೈತನೂ ಕಾದಿರುತ್ತಾನೆ.

ಇಲ್ಲೊಂದು ಹಳೆಯ ಕಥೆಯುಂಟು. ಕೆರೆಯ ದೇವಿ ತಾನು ಏರಿ ಒಡೆದು ಹೋಗುವೆನೆಂದಳಂತೆ. ಒಡೆಯನಿಗೆ ತಿಳಿಸಿ ಬರುವತನಕ ತಾಳಬೇಕೆಂದು ಬೇಡಿಕೊಂಡು ಕಾವಲುಗಾರ ಊರಿಗೆ ಓಡಿದ. ಅವನು ಹಿಂತಿರುಗದಿದ್ದರೆ ಕೆರೆ ಉಳಿಯುವುದೆಂದು ಅಲ್ಲಿ ಅವನ ತಲೆಯನ್ನೇ ತೆಗೆಸಿದರಂತೆ. ಕಥೆ ಕ್ರೂರವಾದದ್ದು. ಆದರೆ ಒಂದು ಕೆರೆ ಹೋದರೆ ಏನೇನು ಹೋಗುತ್ತದೆಂಬುದನ್ನು ಹಿರಿಯರು ಅರಿತಿದ್ದರು.

ಈಗ ಏರಿ ಒಡೆಯುವ ಭಯಕ್ಕಿಂತ ನೀರು ಕೆಡುವ ಭಯ ಹೆಚ್ಚು. ನಮ್ಮಲ್ಲಿ ಅನೇಕರ ಮಕ್ಕಳು ಬೆಂಗಳೂರಿನ ವಿಜಯನಗರ, ಬಸವೇಶ್ವರನಗರಗಳಲ್ಲಿ ನೆಲೆಸಿದ್ದಾರೆ. ಅವರನ್ನು ನೋಡಲು ಹೋದಾಗ ಒಮ್ಮೆ ಕೆಂಗೇರಿಯವರೆಗೆ ಹೋಗಿ ವೃಷಭಾವತಿಯನ್ನು ಕಂಡು ಬನ್ನಿ. ಬಸವನಗುಡಿಯ ಕಡೆ ಹುಟ್ಟಿದ ಆ ನದಿ ಇಂದು ಊರಿನ ಕೊಳಚೆಯನ್ನು ಹೊತ್ತು ನೊರೆಗಟ್ಟಿ ಹರಿಯುತ್ತಿದೆ. ಅದನ್ನು ಕೆಡಿಸಿದವರು ಮೇಲಿದ್ದಾರೆ, ವಾಸನೆ ಸಹಿಸುವವರು ಕೆಳಗಿದ್ದಾರೆ.

ಗಿರಿಯಲ್ಲಿ ಮೇಲಿರುವವರು ನಾವೇ. ಹಣ್ಣು ಬಿಡಿಸುವ ಕಾಲದಲ್ಲಿ ಪಲ್ಪರ್ ನೀರನ್ನು ಹಳ್ಳಕ್ಕೆ ಬಿಡದೆ ಗುಂಡಿಗಳಿಗೆ ತಿರುಗಿಸೋಣ. ಇಳಿಜಾರಿನಲ್ಲಿ ತೊಟ್ಟಿಲು ಗುಂಡಿ ತೆಗೆದರೆ ಮಣ್ಣು ನಮ್ಮ ತೋಟದಲ್ಲೇ ನಿಲ್ಲುತ್ತದೆ, ಕೆರೆಯಲ್ಲಿ ಹೂಳು ಕಡಿಮೆಯಾಗುತ್ತದೆ. ನೆರಳಿನ ಮರಗಳನ್ನೂ ನೆತ್ತಿಯ ಹುಲ್ಲುಗಾವಲು, ಶೋಲಾ ಕಾಡುಗಳನ್ನೂ ಉಳಿಸಿದರೆ ಬೇಸಿಗೆಯಲ್ಲೂ ಹಳ್ಳ ಹರಿದೀತು.

ಕಾಫಿಯವನು ಬಿಟ್ಟ ನೀರನ್ನೇ ಅಡಿಕೆಯವನು ತೋಟಕ್ಕೆ ಕಟ್ಟಬೇಕು. ಒಂದೇ ಸಂಘದ ಸದಸ್ಯರಾದ ನಾವು ಇಷ್ಟನ್ನು ಮರೆಯಬಾರದು.

— ಕಾರ್ಯದರ್ಶಿ