ಪುರಾತನ ವಿಗ್ರಹಗಳು ಹಾಗೂ ಪುರಾತನ ಮೃತ್ಪಾತ್ರೆಗಳು: ನೋಂದಣಿ ಮತ್ತು ಸಂರಕ್ಷಣೆಯ ಕುರಿತು ಕುಂದಾಪುರ, ಬೈಂದೂರು ಹಾಗೂ ಬ್ರಹ್ಮಾವರ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು ಹಾಗೂ ಬ್ರಹ್ಮಾವರ ತಾಲ್ಲೂಕುಗಳ ಅನೇಕ ಮನೆತನಗಳಲ್ಲಿ, ದೇವಾಲಯಗಳಲ್ಲಿ, ದೈವಸ್ಥಾನಗಳಲ್ಲಿ ಮತ್ತು ನಾಗಬನಗಳಲ್ಲಿ ನೂರಾರು ವರ್ಷಗಳಷ್ಟು ಹಳೆಯ ವಿಗ್ರಹಗಳಿರುತ್ತವೆ. ಬಾವಿ ತೋಡುವಾಗ, ಮನೆಯ ಪಂಚಾಂಗ ತೆಗೆಯುವಾಗ ಅಥವಾ ತೋಟ ಅಗೆಯುವಾಗ ಹಳೆಯ ಶಿಲ್ಪಗಳು ಹಾಗೂ ಮೆರುಗಿನ ಮಡಕೆ ಚೂರುಗಳು ದೊರೆಯುವುದೂ ಉಂಟು. ಇಂತಹ ವಸ್ತುಗಳ ಬಗ್ಗೆ ಕಾನೂನು ಏನು ಹೇಳುತ್ತದೆ, ಯಾವುದನ್ನು ನೋಂದಾಯಿಸಬೇಕು, ಯಾವುದನ್ನು ನೋಂದಾಯಿಸಬೇಕಾಗಿಲ್ಲ ಮತ್ತು ಅರ್ಜಿ ಸಲ್ಲಿಸುವ ಕ್ರಮವೇನು ಎಂಬುದನ್ನು ಸಾರ್ವಜನಿಕರ ತಿಳುವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

"ನೋಂದಣಿ ಮಾಡಿಸಿದರೆ ದೇವರ ವಿಗ್ರಹವನ್ನು ಸರ್ಕಾರ ಕೊಂಡೊಯ್ಯುತ್ತದೆ" ಎಂಬ ಭೀತಿ ಜನರಲ್ಲಿದೆ. ಇದು ಸರಿಯಲ್ಲ. ನೋಂದಣಿಯಿಂದ ಮಾಲೀಕತ್ವ ಬದಲಾಗುವುದಿಲ್ಲ. ಪೂಜೆ ಪುನಸ್ಕಾರಗಳಿಗೆ ಅಡ್ಡಿಯಾಗುವುದಿಲ್ಲ. ಇದಕ್ಕೆ ಪ್ರತಿಯಾಗಿ, ವಿಗ್ರಹವು ಕಳವಾದಲ್ಲಿ ಅದು ತಮ್ಮದೆಂದು ರುಜುವಾತುಪಡಿಸಲು ನೋಂದಣಿ ಪತ್ರ ಹಾಗೂ ಛಾಯಾಚಿತ್ರಗಳೇ ಮುಖ್ಯ ಆಧಾರಗಳಾಗುತ್ತವೆ.

ಈ ಪ್ರದೇಶದ ವೈಶಿಷ್ಟ್ಯ

ಸೀತಾ ನದಿಯ ದಡದ ಬಾರಕೂರು ಆಳುಪ ಅರಸರ ರಾಜಧಾನಿಯಾಗಿತ್ತು. ವಿಜಯನಗರ ಕಾಲದಲ್ಲಿ ಬಾರಕೂರು ರಾಜ್ಯದ ಆಡಳಿತ ಕೇಂದ್ರವಾಗಿತ್ತು. ಕುಂದಾಪುರದ ಸಮೀಪದ ಬಸರೂರು ಹೆಸರಾಂತ ಬಂದರಾಗಿತ್ತು. ಕ್ರಿ.ಶ. 1342ರ ಸುಮಾರಿಗೆ ಈ ಕರಾವಳಿಯಲ್ಲಿ ಸಂಚರಿಸಿದ ಪ್ರವಾಸಿ ಇಬ್ನ್ ಬತೂತ ಈ ಎರಡೂ ಊರುಗಳನ್ನು ಹೆಸರಿಸಿದ್ದಾನೆ. ಬಾರಕೂರನ್ನು ಆತ 'ಫಾಕನೂರು' ಎಂದು ಕರೆದು, ಅಲ್ಲಿನ ಕಬ್ಬನ್ನು ವಿಶೇಷವಾಗಿ ಹೊಗಳಿದ್ದಾನೆ. 16ನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸ ಈ ಬಂದರುಗಳಿಂದ ಅಕ್ಕಿಯು ಹೊರದೇಶಗಳಿಗೆ ಹೋಗುತ್ತಿದ್ದುದನ್ನು ದಾಖಲಿಸಿದ್ದಾನೆ. ಕರಾವಳಿಯ ಶಾಸನಗಳಲ್ಲಿ 'ಹಂಜಮಾನ' ಎಂಬ ವರ್ತಕ ಸಂಘದ ಉಲ್ಲೇಖವಿದೆ. ಕರಾವಳಿಯ ಮೊಗವೀರರು ಆರಾಧಿಸುವ ಬೊಬ್ಬರ್ಯ ದೈವವನ್ನು ಪಾಡ್ದನಗಳು ಕಡಲ ವ್ಯಾಪಾರದ ಮುಸ್ಲಿಂ ಮನೆತನದೊಂದಿಗೆ ಜೋಡಿಸುತ್ತವೆ.

ಹೀಗಾಗಿ ಈ ಭಾಗದ ಮಣ್ಣಿನಲ್ಲಿ ದೇವಾಲಯಗಳ ಶಿಲ್ಪಗಳೂ, ಕಡಲಾಚೆಯಿಂದ ಬಂದ ಮಡಕೆಗಳ ಚೂರುಗಳೂ ಒಂದೇ ಇತಿಹಾಸದ ಎರಡು ಭಾಗಗಳಾಗಿವೆ. ಕಾನೂನು ಮಾತ್ರ ಇವೆರಡನ್ನೂ ಒಂದೇ ರೀತಿಯಲ್ಲಿ ನೋಡುವುದಿಲ್ಲ. ಈ ವ್ಯತ್ಯಾಸವನ್ನು ಸಾರ್ವಜನಿಕರು ತಿಳಿದಿರುವುದು ಅವಶ್ಯಕ.

ಪುರಾವಸ್ತು ಎಂದರೇನು?

ಪುರಾವಸ್ತುಗಳು ಹಾಗೂ ಕಲಾನಿಧಿಗಳ ಅಧಿನಿಯಮ, 1972 ಎಂಬ ಕೇಂದ್ರ ಕಾನೂನು ದಿನಾಂಕ 5-4-1976ರಿಂದ ಜಾರಿಯಲ್ಲಿದೆ. ಇದರ ಪ್ರಕಾರ 100 ವರ್ಷಗಳಿಗೆ ಕಡಿಮೆಯಿಲ್ಲದಷ್ಟು ಹಳೆಯದಾದ ಶಿಲ್ಪ, ಚಿತ್ರ, ನಾಣ್ಯ, ಶಾಸನ, ಕರಕುಶಲ ವಸ್ತು ಮುಂತಾದವು ಪುರಾವಸ್ತುಗಳಾಗುತ್ತವೆ. ವೈಜ್ಞಾನಿಕ, ಐತಿಹಾಸಿಕ ಅಥವಾ ಸಾಹಿತ್ಯಕ ಮೌಲ್ಯವುಳ್ಳ ಹಸ್ತಪ್ರತಿಗಳಿಗೆ ಈ ಅವಧಿ 75 ವರ್ಷ. ಯಾವುದೇ ವಸ್ತುವು ಪುರಾವಸ್ತುವೇ ಅಲ್ಲವೇ ಎಂಬ ಪ್ರಶ್ನೆ ಉದ್ಭವಿಸಿದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣದ ಮಹಾನಿರ್ದೇಶಕರು ಅಥವಾ ಅವರಿಂದ ಅಧಿಕಾರ ಪಡೆದವರು ತೀರ್ಮಾನಿಸುತ್ತಾರೆ.

ನೋಂದಣಿ ಕಡ್ಡಾಯವಾಗಿರುವ ವಸ್ತುಗಳು

1. ಕಲ್ಲು, ಸುಟ್ಟ ಮಣ್ಣು, ಲೋಹ, ದಂತ ಹಾಗೂ ಮೂಳೆಯಲ್ಲಿ ಮಾಡಿದ ಶಿಲ್ಪಗಳು.
2. ಕಾಗದ, ಮರ, ಬಟ್ಟೆ, ರೇಷ್ಮೆ, ಚರ್ಮ ಮುಂತಾದವುಗಳ ಮೇಲಿನ ವರ್ಣಚಿತ್ರಗಳು.
3. ಚಿತ್ರಗಳನ್ನು ಅಥವಾ ಅಲಂಕಾರವನ್ನು ಒಳಗೊಂಡ ಹಸ್ತಪ್ರತಿಗಳು.
4. ಮರದಲ್ಲಿ ಕೆತ್ತಿದ ಶಿಲ್ಪಗಳು.

ಈ ಭಾಗದ ಪಂಚಲೋಹದ ದೇವರ ಮೂರ್ತಿಗಳು, ಶಿಲಾ ವಿಗ್ರಹಗಳು, ಜಿನಬಿಂಬಗಳು, ದೈವಗಳ ಲೋಹದ ಹಾಗೂ ಮರದ ಮೂರ್ತಿಗಳು 100 ವರ್ಷ ಮೀರಿದ್ದಲ್ಲಿ ಮೇಲಿನ ಪಟ್ಟಿಯೊಳಗೆ ಬರುತ್ತವೆ. ಮರದ ಮೂರ್ತಿಗಳನ್ನು ಜನರು ಸಾಮಾನ್ಯವಾಗಿ ಗಣನೆಗೆ ತೆಗೆದುಕೊಳ್ಳುವುದಿಲ್ಲ. ಆದರೆ ಬ್ರಹ್ಮಾವರ ತಾಲ್ಲೂಕಿನ ಶಿರಿಯಾರದ ಸಮೀಪದ ಮೆಕ್ಕೆಕಟ್ಟು ನಂದಿಕೇಶ್ವರ ದೇವಾಲಯದ ಹಳೆಯ ಮರದ ದೈವ ಮೂರ್ತಿಗಳು ಇಂದು ನವದೆಹಲಿಯ ರಾಷ್ಟ್ರೀಯ ಕರಕುಶಲ ಸಂಗ್ರಹಾಲಯದ ಪ್ರಮುಖ ಆಕರ್ಷಣೆಗಳಲ್ಲಿ ಸೇರಿವೆ ಎಂಬುದನ್ನು ಗಮನಿಸಬೇಕು. ಬೇರೆಡೆ ಇಂತಹ ಎಷ್ಟೋ ಮೂರ್ತಿಗಳು ಗೆದ್ದಲು ಹಿಡಿದು ನಾಶವಾಗಿವೆ.

ನೋಂದಣಿ ಅಗತ್ಯವಿಲ್ಲದ ಪುರಾವಸ್ತುಗಳು

ಮಡಕೆ, ಭರಣಿ, ಪಿಂಗಾಣಿ, ನಾಣ್ಯ, ಚಿತ್ರಗಳಿಲ್ಲದ ತಾಳೆಗರಿ ಮುಂತಾದವು ಮೇಲಿನ ಪಟ್ಟಿಯಲ್ಲಿಲ್ಲ. ಆದ್ದರಿಂದ ಅವುಗಳಿಗೆ ನೋಂದಣಿ ಪತ್ರ ಬೇಕಾಗಿಲ್ಲ. ಆದರೆ ನೋಂದಣಿ ಬೇಡ ಎಂದ ಮಾತ್ರಕ್ಕೆ ಅವು ಪುರಾವಸ್ತುಗಳಲ್ಲ ಎಂದು ಭಾವಿಸಬಾರದು. ನೂರು ವರ್ಷ ಮೀರಿದ ಮಡಕೆಯನ್ನೂ ಖಾಸಗಿ ವ್ಯಕ್ತಿಗಳು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಪರವಾನಗಿಯಿಲ್ಲದೆ ಅದರ ವ್ಯಾಪಾರ ನಡೆಸುವಂತಿಲ್ಲ.

ಮಡಕೆ ಚೂರುಗಳನ್ನು ಗುರುತಿಸುವ ಬಗೆ

ಮಾರುಕಟ್ಟೆಯಲ್ಲಿ ಬೆಲೆ ಇಲ್ಲದ ಚೂರುಗಳೂ ಇತಿಹಾಸಕ್ಕೆ ಅಮೂಲ್ಯವಾದವು. ಹಳೆಯ ಬಂದರುಗಳಲ್ಲಿ ದೊರೆಯಬಹುದಾದ ಕೆಲವು ಬಗೆಗಳನ್ನು ಸ್ಥೂಲವಾಗಿ ಹೀಗೆ ಗುರುತಿಸಬಹುದು.

ಅ) ಸ್ಥಳೀಯ ಮಡಕೆ: ಕೆಂಪು ಅಥವಾ ಕಪ್ಪು ಬಣ್ಣ, ಗಾಜಿನಂತಹ ಮೆರುಗು ಇರುವುದಿಲ್ಲ.

ಆ) ಪಶ್ಚಿಮ ಏಷ್ಯಾದ ಮೆರುಗಿನ ಮಡಕೆ: ಒಳಮೈ ಮೃದುವಾದ ಹಳದಿ ಛಾಯೆಯ ಮಣ್ಣು, ಮೇಲೆ ನೀಲಿ-ಹಸಿರು ಬಣ್ಣದ ದಪ್ಪ ಮೆರುಗು, ಮೆರುಗು ಹಕ್ಕಳೆಯಾಗಿ ಏಳುವುದುಂಟು. ಇರಾಕ್ ಮತ್ತು ಇರಾನ್ ಪ್ರದೇಶಗಳಲ್ಲಿ ಇಸ್ಲಾಂ ಪೂರ್ವ ಕಾಲದಿಂದಲೂ ತಯಾರಾಗುತ್ತಿದ್ದ ಈ ಜಾಡಿಗಳು 8ರಿಂದ 10ನೆಯ ಶತಮಾನದ ಅವಧಿಯಲ್ಲಿ ಹಿಂದೂ ಮಹಾಸಾಗರದ ಬಂದರುಗಳಿಗೆಲ್ಲ ತಲುಪಿದ್ದವು. ಕೇರಳದ ಪಟ್ಟಣಂ ಎಂಬಲ್ಲಿ 2007ರಿಂದ ನಡೆದ ಉತ್ಖನನಗಳಲ್ಲಿ ಇವುಗಳ ಚೂರುಗಳು ದೊರೆತಿವೆ.

ಇ) ಚೀನಾದ ಪಿಂಗಾಣಿ: ಒಳಮೈ ಬಿಳಿ ಹಾಗೂ ಅತಿ ಗಡುಸು, ತಟ್ಟಿದರೆ ಗಂಟೆಯಂತೆ ಧ್ವನಿಸುತ್ತದೆ, ತೆಳು ಭಾಗದಲ್ಲಿ ಬೆಳಕು ಹಾಯುತ್ತದೆ.

ಅರಬ್ಬೀ ಅಕ್ಷರವಿದ್ದ ಮಾತ್ರಕ್ಕೆ ಆ ಪಾತ್ರೆ ಅರಬ್ ದೇಶದ್ದೆಂದು ನಿರ್ಧರಿಸಲಾಗದು. ಚೀನಾದ ಝೆಂಗ್‌ದೆ ಚಕ್ರವರ್ತಿಯ ಕಾಲದಲ್ಲಿ (1506-1521) ಅರಬ್ಬೀ ಬರಹವುಳ್ಳ ಪಿಂಗಾಣಿ ತಯಾರಾಗುತ್ತಿತ್ತು. ಅಂತಿಮ ನಿರ್ಣಯವನ್ನು ತಜ್ಞರಿಗೆ ಬಿಡುವುದು ಒಳ್ಳೆಯದು.

ಮಣ್ಣಿನಲ್ಲಿ ವಸ್ತು ದೊರೆತಾಗ

ಭೂಮಿಯಲ್ಲಿ ಹುದುಗಿದ್ದು ದೊರೆಯುವ ಬೆಲೆಬಾಳುವ ವಸ್ತುಗಳಿಗೆ ಕರ್ನಾಟಕ ನಿಧಿ ನಿಕ್ಷೇಪ ಅಧಿನಿಯಮ, 1962 ಅನ್ವಯಿಸುತ್ತದೆ. ವಸ್ತು ತಮ್ಮ ಸ್ವಂತ ಜಮೀನಿನಲ್ಲಿ ದೊರೆತರೂ ಅದನ್ನು ಇಟ್ಟುಕೊಳ್ಳುವ ಅಥವಾ ಮಾರುವ ಮುನ್ನ ಜಿಲ್ಲಾಧಿಕಾರಿಯವರಿಗೆ ಲಿಖಿತ ಮಾಹಿತಿ ನೀಡತಕ್ಕದ್ದು. ತುರ್ತಾಗಿ ಗ್ರಾಮ ಆಡಳಿತಾಧಿಕಾರಿ, ತಹಶೀಲ್ದಾರ್ ಅಥವಾ ಸಮೀಪದ ಪೊಲೀಸ್ ಠಾಣೆಗೆ ತಿಳಿಸಬಹುದು. ಮಾಹಿತಿಯಲ್ಲಿ ವಸ್ತುವಿನ ಸ್ವರೂಪ, ಸಂಖ್ಯೆ, ದೊರೆತ ಸ್ಥಳ ಹಾಗೂ ದಿನಾಂಕ ಇರಬೇಕು.

ವಸ್ತುವಿನಷ್ಟೇ ಅದು ದೊರೆತ ಸ್ಥಳವೂ ಮುಖ್ಯ. ತಮಿಳುನಾಡಿನ ಪತ್ತೂರಿನಲ್ಲಿ 1976ರಲ್ಲಿ ಮಣ್ಣಿನಡಿ ದೊರೆತ ನಟರಾಜ ವಿಗ್ರಹವು ಗುಟ್ಟಾಗಿ ಮಾರಾಟವಾಗಿ ಲಂಡನ್ ತಲುಪಿತ್ತು. ಅದೇ ಸ್ಥಳದಲ್ಲಿ ದೊರೆತ ಇತರ ವಿಗ್ರಹಗಳೊಂದಿಗೆ ಹೋಲಿಕೆ, ವಿಗ್ರಹಕ್ಕೆ ಅಂಟಿದ್ದ ಮಣ್ಣು ಹಾಗೂ ಗೆದ್ದಲಿನ ಕುರುಹು ಇವುಗಳ ಸಾಕ್ಷ್ಯವೂ ಸೇರಿ ಲಂಡನ್ ನ್ಯಾಯಾಲಯದಲ್ಲಿ ದೇವಾಲಯದ ಪರ ತೀರ್ಪಾಗಿ, 1991ರಲ್ಲಿ ವಿಗ್ರಹ ಭಾರತಕ್ಕೆ ಮರಳಿತು. ದೊರೆತ ವಸ್ತುವನ್ನು ತೊಳೆದು, ಉಜ್ಜಿ, ಬೇರೆಡೆ ಸಾಗಿಸಿದರೆ ಇಂತಹ ಸಾಕ್ಷ್ಯ ಶಾಶ್ವತವಾಗಿ ಅಳಿಸಿಹೋಗುತ್ತದೆ.

ಜೀರ್ಣೋದ್ಧಾರದ ಸಂದರ್ಭದಲ್ಲಿ ವಿಶೇಷ ಸೂಚನೆ

ದೇವಾಲಯಗಳ ಜೀರ್ಣೋದ್ಧಾರ ಹಾಗೂ ಬ್ರಹ್ಮಕಲಶೋತ್ಸವದ ಕಾಲದಲ್ಲಿ ಹೊಸ ಬಿಂಬವನ್ನು ಪ್ರತಿಷ್ಠಾಪಿಸಿ, ಭಿನ್ನವಾದ ಹಳೆಯ ಬಿಂಬವನ್ನು ನದಿಗೆ ಅಥವಾ ಸಮುದ್ರಕ್ಕೆ ವಿಸರ್ಜಿಸುವ ಪದ್ಧತಿ ಇದೆ. ಆಚರಣೆಯ ಬಗ್ಗೆ ಭಕ್ತರ ಭಾವನೆ ಗೌರವಾರ್ಹ. ಆದರೆ ಹಳೆಯ ಬಿಂಬವು ಆ ಊರಿನ ಇತಿಹಾಸಕ್ಕೆ ಉಳಿದ ಏಕೈಕ ದಾಖಲೆಯಾಗಿರಬಹುದು. ಆಡಳಿತ ಮಂಡಳಿಗಳು ತಂತ್ರಿಗಳೊಂದಿಗೆ ಹಾಗೂ ಇಲಾಖೆಯೊಂದಿಗೆ ಮುಂಚಿತವಾಗಿ ಸಮಾಲೋಚಿಸಿ, ವಿಧಿವತ್ತಾಗಿ ಕಳೆ ಇಳಿಸಿದ ನಂತರ ಬಿಂಬವನ್ನು ಆವರಣದಲ್ಲಿಯೇ ಅಥವಾ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ರಕ್ಷಿಸುವ ಮಾರ್ಗವನ್ನು ಪರಿಶೀಲಿಸಬೇಕೆಂದು ಕೋರಲಾಗಿದೆ. ವೀರಗಲ್ಲು, ಮಾಸ್ತಿಗಲ್ಲು ಹಾಗೂ ಶಾಸನಗಳನ್ನು ಪಾಗಾರಕ್ಕೆ ಅಥವಾ ಮೆಟ್ಟಿಲಿಗೆ ಬಳಸಬಾರದು.

ನೋಂದಣಿಗೆ ಅರ್ಜಿ ಸಲ್ಲಿಸುವ ವಿಧಾನ

1. ಅರ್ಜಿಯನ್ನು ನಿಗದಿತ ನಮೂನೆ 7ರಲ್ಲಿ ತಮ್ಮ ಪ್ರದೇಶದ ನೋಂದಣಾಧಿಕಾರಿಗೆ ಸಲ್ಲಿಸಬೇಕು. ನಮೂನೆ ಹಾಗೂ ವಿಳಾಸದ ಮಾಹಿತಿಯನ್ನು ಮೈಸೂರಿನಲ್ಲಿರುವ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಆಯುಕ್ತರ ಕಚೇರಿಯಿಂದ ಪಡೆಯಬಹುದು.
2. ಪ್ರತಿಯೊಂದು ವಸ್ತುವಿನ ಸ್ಪಷ್ಟ ಛಾಯಾಚಿತ್ರಗಳನ್ನು ಲಗತ್ತಿಸಬೇಕು. ಮುಂಭಾಗದ ಚಿತ್ರದೊಂದಿಗೆ ಹಿಂಭಾಗ, ಪೀಠ, ಬರಹ ಹಾಗೂ ಒಡೆದ ಗುರುತುಗಳ ಚಿತ್ರಗಳನ್ನೂ ತೆಗೆದಿಟ್ಟುಕೊಳ್ಳುವುದು ಉತ್ತಮ.
3. ವಸ್ತುವಿನ ಅಳತೆ, ಯಾವುದರಿಂದ ಮಾಡಿದ್ದು, ತಮಗೆ ಹೇಗೆ ಬಂದಿತು, ಈಗ ಎಲ್ಲಿದೆ ಎಂಬ ವಿವರ ನೀಡಬೇಕು.
4. ವಸ್ತುವು ಹೊಸದಾಗಿ ತಮ್ಮ ಸ್ವಾಧೀನಕ್ಕೆ ಬಂದಲ್ಲಿ 15 ದಿನಗಳೊಳಗೆ ಅರ್ಜಿ ಸಲ್ಲಿಸತಕ್ಕದ್ದು.
5. ಪರಿಶೀಲನೆಯ ನಂತರ ನೋಂದಣಿ ಪತ್ರ ನೀಡಲಾಗುವುದು. ಪಾಲುಪಟ್ಟಿ, ದಾನ ಅಥವಾ ಮಾರಾಟದ ಮೂಲಕ ಮಾಲೀಕತ್ವ ಬದಲಾದಲ್ಲಿ ನೋಂದಣಾಧಿಕಾರಿಗೆ ತಿಳಿಸಬೇಕು.

ದಂಡನೆ

ಕಾನೂನುಬಾಹಿರವಾಗಿ ಪುರಾವಸ್ತುವನ್ನು ರಫ್ತು ಮಾಡಿದಲ್ಲಿ ಅಥವಾ ರಫ್ತಿಗೆ ಯತ್ನಿಸಿದಲ್ಲಿ 6 ತಿಂಗಳಿಗೆ ಕಡಿಮೆಯಿಲ್ಲದ, 3 ವರ್ಷಗಳವರೆಗಿನ ಸೆರೆವಾಸ ಹಾಗೂ ಜುಲ್ಮಾನೆ ವಿಧಿಸಬಹುದು. ನೋಂದಣಿ ಹಾಗೂ ಪರವಾನಗಿಯ ನಿಯಮಗಳನ್ನು ಉಲ್ಲಂಘಿಸಿದಲ್ಲಿ 6 ತಿಂಗಳವರೆಗಿನ ಸೆರೆವಾಸ ಅಥವಾ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದು.

ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ಪೂಜೆಯಲ್ಲಿರುವ ವಿಗ್ರಹವನ್ನು ಸರ್ಕಾರ ಸ್ವಾಧೀನಪಡಿಸಿಕೊಳ್ಳಬಹುದೇ?
ಉತ್ತರ: ಸಾರ್ವಜನಿಕ ಸ್ಥಳದಲ್ಲಿ ಸಂರಕ್ಷಿಸುವ ಸಲುವಾಗಿ ಪರಿಹಾರ ನೀಡಿ ಪುರಾವಸ್ತುವನ್ನು ಪಡೆಯುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ಆದರೆ ನೈಜ ಧಾರ್ಮಿಕ ಆಚರಣೆಯಲ್ಲಿ ಬಳಸಲಾಗುತ್ತಿರುವ ವಸ್ತುಗಳಿಗೆ ಈ ಅಧಿಕಾರ ಅನ್ವಯಿಸುವುದಿಲ್ಲ.

ಪ್ರಶ್ನೆ: ಅಜ್ಜಿಯ ಕಾಲದ ಉಪ್ಪಿನಕಾಯಿ ಭರಣಿಯನ್ನು ವಿದೇಶದಲ್ಲಿರುವ ಮಗನಿಗೆ ಕಳುಹಿಸಬಹುದೇ?
ಉತ್ತರ: ನೂರು ವರ್ಷ ಮೀರಿದ್ದಲ್ಲಿ ಕಳುಹಿಸುವಂತಿಲ್ಲ. ಅಷ್ಟು ಹಳೆಯದಲ್ಲವೆಂದಾದರೆ ಭಾರತೀಯ ಪುರಾತತ್ವ ಸರ್ವೇಕ್ಷಣದಿಂದ 'ಪುರಾವಸ್ತುವಲ್ಲ' ಎಂಬ ಪ್ರಮಾಣಪತ್ರ ಪಡೆದು ಕಳುಹಿಸಬಹುದು.

ಪ್ರಶ್ನೆ: ನೋಂದಣಿ ಮಾಡಿಸದೆ ಬಹಳ ವರ್ಷಗಳಾಗಿವೆ. ಈಗೇನು ಮಾಡಬೇಕು?
ಉತ್ತರ: ಮರೆಮಾಚುವುದರಿಂದ ತೊಂದರೆ ಹೆಚ್ಚುತ್ತದೆ. ವಿಳಂಬದ ಕಾರಣ ತಿಳಿಸಿ ನೋಂದಣಾಧಿಕಾರಿಯನ್ನು ಸಂಪರ್ಕಿಸಬೇಕು.

ವಿನಂತಿ

ಪ್ರತಿಯೊಂದು ದೇವಾಲಯ, ದೈವಸ್ಥಾನ ಹಾಗೂ ಮನೆತನವು ತನ್ನಲ್ಲಿರುವ ಹಳೆಯ ಮೂರ್ತಿಗಳ ಛಾಯಾಚಿತ್ರ ಮತ್ತು ಅಳತೆಗಳನ್ನು ಒಂದು ಪುಸ್ತಕದಲ್ಲಿ ದಾಖಲಿಸಿ, ಪ್ರತಿಯೊಂದನ್ನು ಬೇರೆಡೆ ಇರಿಸಬೇಕೆಂದು ಕೋರಲಾಗಿದೆ. ಕಳವಾದ ಮೂರ್ತಿ ಪತ್ತೆಯಾದ ದಿನ, ಅದು ನಮ್ಮೂರಿನದೇ ಎಂದು ಹೇಳಲು ಆ ಪುಸ್ತಕವೇ ಆಧಾರವಾಗುತ್ತದೆ.