ಟ್ರೊಮ್ಸೊಗೋ, ರೊವಾನಿಯೆಮಿಗೋ?

ಧ್ರುವಪ್ರಭೆ ನೋಡಲು ಜನವರಿಯಲ್ಲಿ ಹೊರಟಿದ್ದೇವೆ. ನಾರ್ವೆಯ ಟ್ರೊಮ್ಸೊ ಫಿನ್ಲೆಂಡಿನ ರೊವಾನಿಯೆಮಿಗಿಂತ ಉತ್ತರಕ್ಕಿದ್ದರೂ ಅಲ್ಲಿ ಚಳಿ ಕಡಿಮೆಯಂತೆ. ಅದು ಹೇಗೆ? ಯಾವ ಊರು ಒಳ್ಳೆಯದು?
— ಓದುಗರು, ಘಾಟ್ಕೋಪರ್

ಚಳಿ ಕಡಿಮೆ ಎಂಬುದು ನಿಜ. ಜನವರಿಯಲ್ಲಿ ಟ್ರೊಮ್ಸೊದ ಸರಾಸರಿ ಉಷ್ಣತೆ ಸುಮಾರು ಮೈನಸ್ 4 ಡಿಗ್ರಿ; ರೊವಾನಿಯೆಮಿಯದು ಮೈನಸ್ 11ರ ಆಸುಪಾಸು. ಮುಂಬಯಿಯ ನಿಮ್ಮ ಘಾಟ್ಕೋಪರ್ ಮತ್ತು ನಾಸಿಕ್ ನೆನೆಸಿಕೊಳ್ಳಿ. ನಾಸಿಕ್‌ನಲ್ಲಿ ಜನ ಶಾಲು ಹೊದ್ದು ನಡುಗುವ ರಾತ್ರಿ ಮುಂಬಯಿಯಲ್ಲಿ ಫ್ಯಾನ್ ತಿರುಗುತ್ತಿರುತ್ತದೆ. ನಾಸಿಕ್ ಎತ್ತರದಲ್ಲಿದೆ ಎಂಬುದೂ ಒಂದು ಕಾರಣ. ಆದರೆ ನೆಲ ಬೇಗ ತಣ್ಣಗಾಗುತ್ತದೆ, ಕಡಲು ಹಿಡಿದಿಟ್ಟ ಶಾಖವನ್ನು ನಿಧಾನವಾಗಿ ಬಿಡುತ್ತದೆ ಎಂಬುದೇ ಮುಖ್ಯ. ಟ್ರೊಮ್ಸೊ ಮುಂಬಯಿಯಂತೆ ಕಡಲ ತಡಿಯ ಊರು, ರೊವಾನಿಯೆಮಿ ನಾಸಿಕ್‌ನಂತೆ ಒಳನಾಡಿನದು. ಟ್ರೊಮ್ಸೊಗೆ ಇನ್ನೊಂದು ಅನುಕೂಲವಿದೆ: ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹ ಅಲ್ಲಿನ ಕರಾವಳಿಯವರೆಗೂ ಹರಿದು ಬರುತ್ತದೆ. ಚಳಿಗಾಲದಲ್ಲೂ ಬಂದರು ಹೆಪ್ಪುಗಟ್ಟುವುದಿಲ್ಲ.

ಇನ್ನು ಪ್ರಭೆ. ಸೂರ್ಯನಿಂದ ಬರುವ ವಿದ್ಯುದಾವಿಷ್ಟ ಕಣಗಳನ್ನು ಭೂಮಿಯ ಕಾಂತಕ್ಷೇತ್ರ ಧ್ರುವದ ಸುತ್ತಲಿನ ಒಂದು ಪಟ್ಟಿಗೆ ತಿರುಗಿಸುತ್ತದೆ. ಅವು ನೂರು ಕಿಲೋಮೀಟರಿಗೂ ಮೇಲೆ ಆಮ್ಲಜನಕಕ್ಕೆ ಬಡಿದಾಗ ಹಸಿರು ಬೆಳಕು ಹೊಮ್ಮುತ್ತದೆ. ಟ್ರೊಮ್ಸೊ ಆ ಪಟ್ಟಿಯ ಅಡಿಯಲ್ಲೇ ಇದೆ. ಸೂರ್ಯನ ಚಟುವಟಿಕೆ ಮಂದವಾಗಿದ್ದರೂ ಅಲ್ಲಿ ಪ್ರಭೆ ಕಾಣುವ ಅವಕಾಶ ಹೆಚ್ಚು. ಆದರೆ ಬೆಚ್ಚಗಿಡುವ ಕಡಲೇ ಮೋಡವನ್ನೂ ತರುತ್ತದೆ. ಅದಕ್ಕೇ ಅಲ್ಲಿನ ಮಾರ್ಗದರ್ಶಕರು ಪ್ರವಾಸಿಗರನ್ನು ಬೆಟ್ಟಗಳಾಚೆಯ ಒಣ ಒಳನಾಡಿಗೆ, ಫಿನ್ಲೆಂಡ್ ಗಡಿಯ ಕಡೆಗೆ ಕರೆದೊಯ್ಯುತ್ತಾರೆ.

ಪ್ರಭೆಯೇ ಗುರಿಯಾದರೆ ಟ್ರೊಮ್ಸೊಗೇ ಹೋಗಿ. ಮೋಡ ಸರಿಯಲು ಮೂರ್ನಾಲ್ಕು ರಾತ್ರಿಗಳನ್ನಾದರೂ ಇಟ್ಟುಕೊಳ್ಳಿ. ಮಕ್ಕಳಿಗೆ ಹಿಮ, ಹಿಮಸಾರಂಗ ತೋರಿಸುವುದು ಮುಖ್ಯವಾದರೆ ರೊವಾನಿಯೆಮಿ ಸಾಕು. ಎರಡಕ್ಕೂ ಷೆಂಗೆನ್ ವೀಸಾ ಒಂದೇ.