ಪ್ಲಾಸ್ಟಿಕ್ ತಿನ್ನುವ ಬ್ಯಾಕ್ಟೀರಿಯಾ ಬಂದು ಹಳ್ಳ ಸ್ವಚ್ಛ ಮಾಡುತ್ತದೆಯೇ?

‘ಪ್ಲಾಸ್ಟಿಕ್ ತಿನ್ನುವ ಬ್ಯಾಕ್ಟೀರಿಯಾ ಸಿಕ್ಕಿದೆ, ಇನ್ನು ನದಿಗೆ ಬಿದ್ದ ಕಸ ತಾನೇ ಮಾಯ’ ಎಂಬ ಧಾಟಿಯ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಮೊದಲರ್ಧ ನಿಜ. ಉಳಿದರ್ಧ ಸುಳ್ಳು.

2016ರಲ್ಲಿ ಜಪಾನಿನ ವಿಜ್ಞಾನಿಗಳು ಸಕಾಯ್ ಎಂಬ ಊರಿನಲ್ಲಿ, ಬಾಟಲಿ ಮರುಬಳಕೆ ಮಾಡುವ ಜಾಗದಿಂದ ತಂದ ಕೆಸರಿನಲ್ಲಿ ಈ ಬ್ಯಾಕ್ಟೀರಿಯಾ ಕಂಡರು. ಹೆಸರು ಐಡಿಯೊನೆಲ್ಲಾ ಸಕಾಯೆನ್ಸಿಸ್. ಇದರ ಆಹಾರ ಪೆಟ್, ಅಂದರೆ ನೀರಿನ ಬಾಟಲಿಯ ಪ್ಲಾಸ್ಟಿಕ್. ಆದರೆ ಪ್ರಯೋಗದಲ್ಲಿ ಕೊಟ್ಟದ್ದು ಬಾಟಲಿಯನ್ನಲ್ಲ, ಮೆತ್ತನೆಯ ತೆಳು ಹಾಳೆಯನ್ನು. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದನ್ನು ಕರಗಿಸಲು ಸುಮಾರು 6 ವಾರ ಬೇಕಾಯಿತು. ಬಾಟಲಿಯಲ್ಲಿ ಅಣುಗಳು ಇನ್ನೂ ಬಿಗಿಯಾಗಿ ಜೋಡಿಸಿಕೊಂಡಿರುತ್ತವೆ, ಅದನ್ನು ತಿನ್ನುವುದು ಕಷ್ಟ.

ಈಗ ನಮ್ಮ ಕಡೆ ಬನ್ನಿ. ಕುಬಿಹಾಳದಂಥ ಊರಿನ ಎರೆ ಹೊಲದ ಬದುವಿಗೆ, ಬೆಣ್ಣಿಹಳ್ಳದ ದಂಡೆಯ ಜಾಲಿಗಂಟಿಗೆ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಕ್ಯಾರಿಬ್ಯಾಗು. ಅದು ಪೆಟ್ ಅಲ್ಲ, ಪಾಲಿಥೀನ್. ಪೆಟ್ ಸರಪಳಿಯ ನಡುವೆ ಆಮ್ಲಜನಕ ಸೇರಿದ ಕೊಂಡಿಗಳಿವೆ, ಬ್ಯಾಕ್ಟೀರಿಯಾದ ಕಿಣ್ವ ಕತ್ತರಿ ಹಾಕುವುದು ಅಲ್ಲೇ. ಪಾಲಿಥೀನ್‌ನಲ್ಲಿ ಇಂಗಾಲಕ್ಕೆ ಇಂಗಾಲವೇ ಅಂಟಿರುತ್ತದೆ, ಆ ಕತ್ತರಿಗೆ ಜಾಗವೇ ಇಲ್ಲ. ಪಾಲಿಥೀನ್ ಕಡಿಯುವ ಸೂಕ್ಷ್ಮಜೀವಿಗಳ ವರದಿಗಳೂ ಇವೆ, ಆದರೆ ಅವುಗಳ ಕೆಲಸ ತೀರಾ ನಿಧಾನ.

‘ಬಿಸಿಲಿಗೆ ಬಿದ್ದ ಚೀಲ ಪುಡಿಯಾಗಿ ಹೋಗುತ್ತದಲ್ಲ?’ ಎನ್ನುತ್ತೀರಾ? ಪುಡಿಯಾಗುತ್ತದೆ, ಕೊಳೆಯುವುದಿಲ್ಲ. ಕಣ್ಣಿಗೆ ಕಾಣದಷ್ಟು ಚೂರಾಗಿ ಮಣ್ಣು, ನೀರು ಸೇರುತ್ತದೆ. ಮೈಕ್ರೊಪ್ಲಾಸ್ಟಿಕ್ ಎನ್ನುವುದು ಇದನ್ನೇ. ಬೆಣ್ಣಿಹಳ್ಳದ ನೀರು ಮುಂದೆ ಮಲಪ್ರಭೆಗೆ ಹೋಗುತ್ತದೆ, ಚೂರುಗಳೂ ಜೊತೆಗೆ.

ಹಾಗಂತ ಸಂಶೋಧನೆ ವ್ಯರ್ಥವೇನಲ್ಲ. 2020ರಲ್ಲಿ ಫ್ರಾನ್ಸಿನ ತಂಡವೊಂದು ಸುಧಾರಿಸಿದ ಕಿಣ್ವದಿಂದ ಕೇವಲ 10 ಗಂಟೆಯಲ್ಲಿ 90% ಪೆಟ್ ಒಡೆದು ತೋರಿಸಿತು. ಆದರೆ ಅದು ನಡೆದದ್ದು 72 ಡಿಗ್ರಿ ಬಿಸಿಯ ತೊಟ್ಟಿಯಲ್ಲಿ, ಮೊದಲೇ ಬೇರ್ಪಡಿಸಿ ಪುಡಿ ಮಾಡಿದ ಬಾಟಲಿಗಳ ಮೇಲೆ. ಅಂದರೆ ಅಲ್ಲಿಯೂ ಯಾರಾದರೂ ಬಾಟಲಿ ಆರಿಸಿ ಕೊಡಲೇಬೇಕು. ಬಾಟಲಿಯ ತಳದ ತ್ರಿಕೋನದಲ್ಲಿ 1 ಎಂದಿದ್ದರೆ ಅದು ಪೆಟ್, ಗುಜರಿಯವರು ತೆಗೆದುಕೊಳ್ಳುತ್ತಾರೆ.

ಇನ್ನೂ ಅನುಮಾನವಿದ್ದರೆ ಪಶುವೈದ್ಯರನ್ನು ಕೇಳಿ. ಆಕಳ ಹೊಟ್ಟೆಯಲ್ಲಿ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳಿವೆ, ಒಣ ಕಣಕಿಯನ್ನೂ ಕರಗಿಸುತ್ತವೆ. ಅದೇ ಹೊಟ್ಟೆಯಿಂದ ಆಪರೇಷನ್ ಮಾಡಿ ಕಿಲೋಗಟ್ಟಲೆ ಕ್ಯಾರಿಬ್ಯಾಗು ಹೊರತೆಗೆಯಬೇಕಾಗುತ್ತದೆ.